ಅಕ್ಕನ ಪುಸ್ತಕಕ್ಕೆ ಹತ್ತಕ್ಕೆ ಒಂದೂವರೆ ಅಂಕ ಕೊಟ್ಟವರಿಗೆ

ಗೆ,
ಮಾನ್ಯ ಮುಖ್ಯ ಪರೀಕ್ಷಕರು,
'ನಿಷ್ಕಳಂಕ' ಹಳೆಯ ಚಿತ್ರಕಥಾ ಪುಸ್ತಕಗಳ ದರ್ಜೆ ನಿರ್ಣಯ ಸಂಸ್ಥೆ,
ಮುಂಬಯಿ.

ಮಾನ್ಯರೇ,

ಕುಂದಾಪುರ ತಾಲೂಕು ಗುಲ್ವಾಡಿಯ ನಿವಾಸಿ, ಖಾಸಗಿ ಬಸ್ಸಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕಂಡಕ್ಟರಾಗಿ ದುಡಿದು ಈಗ ಮನೆಯಲ್ಲಿ ಕುಳಿತಿರುವ ಗೋವರ್ಧನನು ತಮಗೆ, ತಮ್ಮ ಸಮಸ್ತ ಪರೀಕ್ಷಕ ವೃಂದಕ್ಕೆ, ತಾವು ಪುಸ್ತಕ ಮುಟ್ಟುವಾಗ ಧರಿಸುವ ಬಿಳಿ ಕೈಗವಸುಗಳಿಗೆ ಮತ್ತು ಆ ಕೈಗವಸುಗಳನ್ನು ಒಗೆದು ಕೊಡುವ ಪುಣ್ಯಾತ್ಮರಿಗೆ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಾವು ಕಳುಹಿಸಿದ ಪ್ಲಾಸ್ಟಿಕ್ ಡಬ್ಬಿ ಮಾತ್ರ ಅಷ್ಟೇನೂ ಕ್ಷೇಮವಾಗಿಲ್ಲ. ಆ ಸಂಗತಿಯನ್ನು ಅದರ ಜಾಗ ಬಂದಾಗ ಅರಿಕೆ ಮಾಡಿಕೊಳ್ಳುತ್ತೇನೆ.

ಈ ಪತ್ರವನ್ನು ಎಲ್ಲರೂ ಓದುವಂತೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಖಾಸಗಿಯಾಗಿ ಮೂರು ಮಿಂಚಂಚೆ ಬರೆದೆ. ಮೂರಕ್ಕೂ ಒಂದೇ ನಿಮಿಷದೊಳಗೆ, ಒಂದಕ್ಷರವೂ ಬದಲಾಗದಂತೆ, 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂಬ ಉತ್ತರ ಬಂತು. ಯಾರೂ ಓದದ ನನ್ನ ಅಭಿಪ್ರಾಯಕ್ಕೆ ಅಮೂಲ್ಯ ಎಂಬ ದರ್ಜೆ ಕೊಟ್ಟು, ಐವತ್ತು ವರ್ಷ ಓದಿಸಿಕೊಂಡ ಪುಸ್ತಕಕ್ಕೆ ಹತ್ತಕ್ಕೆ ಒಂದೂವರೆ ಅಂಕ ಕೊಟ್ಟ ತಮ್ಮ ತಕ್ಕಡಿಯ ಮೇಲೆ ನನಗೆ ಅಂದೇ ಭಕ್ತಿ ಹುಟ್ಟಿತು. ನನ್ನ ಮೂವತ್ತೈದರ ಎಸ್ಸೆಸ್ಸೆಲ್ಸಿ ಗಣಿತದ ಅಂಕವೂ ಅಂಥದೇ ಯಾವುದೋ ತಕ್ಕಡಿಯಲ್ಲಿ ತೂಗಿ ಬಂದದ್ದು.

ತಮ್ಮ ಕೈಯಲ್ಲಿ ದಿನಕ್ಕೆ ನೂರಾರು ಪುಸ್ತಕಗಳು ಹಾದುಹೋಗುವುದರಿಂದ ನಮ್ಮದು ನೆನಪಿರಲಾರದು. 'ಏಳು ಬೀಗದ ಹಡಗು' ಎಂಬ ಮೂವತ್ತೆರಡು ಪುಟದ ಚಿತ್ರಕಥೆ. ಮುಖಪುಟದಲ್ಲಿ ಹಡಗು, ಹಡಗಿನ ಕಿಟಕಿಯಲ್ಲಿ ರಾಜಕುಮಾರಿ ಮುಕ್ತಾಮಣಿ, ನೀರಿನಲ್ಲಿ ಈಜುತ್ತ ಬರುವ ನಾವಿಕ ಧೀರಸೇನ. ಅದನ್ನು ಅಚ್ಚು ಹಾಕಿದವರು ನನಗೆ ಮೀಸೆ ಬರುವ ಮೊದಲೇ ಬಾಗಿಲು ಮುಚ್ಚಿಕೊಂಡು ಹೋಗಿದ್ದಾರೆ. ತಮ್ಮ ಅರ್ಜಿಯಲ್ಲಿ 'ಮಾಲೀಕರು' ಎಂಬ ಕಡೆ ನಾನು ನನ್ನ ಹೆಸರು ಬರೆದಿದ್ದೆ. ಅದು ಸುಳ್ಳು. ಪುಸ್ತಕ ನನ್ನ ಅಕ್ಕ ಸುಗುಣಳದ್ದು, ಅವಳನ್ನು ಕೇಳದೆ ಅವಳ ತಗಡಿನ ಪೆಟ್ಟಿಗೆಯಿಂದ ಎತ್ತಿಕೊಂಡು ಬಂದವನು ನಾನು. ಕಳ್ಳಮಾಲನ್ನು ಕೈಗವಸು ಹಾಕಿಕೊಂಡು ಮುಟ್ಟಿದ್ದರಿಂದ ತಮ್ಮ ಬೆರಳಚ್ಚು ಎಲ್ಲೂ ಸಿಗದು, ಆ ಬಗ್ಗೆ ತಾವು ನಿಶ್ಚಿಂತರಾಗಿರಬಹುದು.

ನನ್ನ ತಲೆಗೆ ಈ ಹುಳ ಬಿಟ್ಟವನು ಹಾಲಾಡಿಯಲ್ಲಿ ಗುಜರಿ ಅಂಗಡಿ ಇಟ್ಟಿರುವ ನನ್ನ ಸ್ನೇಹಿತ ಉಮಾನಾಥ. ಯಾವನೋ ಒಬ್ಬ ಅಜ್ಜನ ಕಾಲದ ಚಿತ್ರಕಥೆ ಮಾರಿ ಕಾರು ಕೊಂಡನೆಂಬ ವಿಡಿಯೋ ಮೊಬೈಲಿನಲ್ಲಿ ನೋಡಿದ ಮೇಲೆ ಉಮಾನಾಥ ರದ್ದಿ ಕಾಗದವನ್ನು ಪೇಪರಿನವನಂತೆ ತೂಗುವುದು ಬಿಟ್ಟು ಅಕ್ಕಸಾಲಿಗನಂತೆ ನೋಡಲು ಶುರು ಮಾಡಿದ್ದಾನೆ. "ಹ್ವಾಯ್ ಗೋವರ್ಧನಣ್ಣ, ನಿಮ್ ಅಕ್ಕನ್ ಪೆಟ್ಗಿ ಒಳ್ಗ್ ಇಪ್ದ್ ಪುಸ್ತಕ ಅಲ್ಲ ಮಾರಾಯ್ರೆ, ಬಂಗಾರ" ಎಂದು ಅವನು ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ಹಣದ ಆಸೆ ಎಂದು ತಾವು ತಿಳಿದರೆ ಅದರಲ್ಲಿ ತಪ್ಪೇನೂ ಇಲ್ಲ, ಅರ್ಧ ನಿಜವೇ. ಉಳಿದ ಅರ್ಧವನ್ನೂ ಹೇಳಿಬಿಡುತ್ತೇನೆ. ಅಕ್ಕ ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಐವತ್ತು ವರ್ಷದಿಂದ ನೆಲದ ಮೇಲೆ ಮಣೆ ಹಾಕಿಕೊಂಡು ಕೂರುತ್ತಾಳೆ. ಏಳುವಾಗ ಒಂದು ಕೈ ನೆಲಕ್ಕೆ, ಒಂದು ಕೈ ಸೊಂಟಕ್ಕೆ. ಅವಳಿಗೆ ತಲೆಯ ಮೇಲೊಂದು ಮಾಡು, ನಿಂತು ಮಾರುವಷ್ಟು ಎತ್ತರದ ಕಟ್ಟೆ, ಕೈತೊಳೆಯಲು ಒಂದು ನಲ್ಲಿ ಇರುವ ಜಾಗ ಮಾಡಿಕೊಟ್ಟು, "ಕಾಣ್ ಅಕ್ಕ" ಎಂದು ತೋರಿಸಬೇಕೆಂಬ ಹುಮ್ಮಸ್ಸು ನನಗೆ. ಪುಸ್ತಕ ಪೆಟ್ಟಿಗೆಯಿಂದ ಹೊರಗೆ ಬರುವುದು ವರ್ಷಕ್ಕೊಮ್ಮೆ, ನವರಾತ್ರಿಗೆ. ಅಷ್ಟರೊಳಗೆ ಮಾರಿ, ಕಟ್ಟೆ ಕಟ್ಟಿ, ಆಮೇಲೆ ಹೇಳಿದರಾಯಿತು ಎಂದು ಮಳೆಗಾಲದ ಒಂದು ಬೆಳಿಗ್ಗೆ ಅವಳು ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಪೆಟ್ಟಿಗೆ ತೆರೆದೆ. ಜಾಗ ಖಾಲಿ ಕಾಣದಿರಲೆಂದು ಉಮಾನಾಥನ ಅಂಗಡಿಯಿಂದ ತಂದ ಬೇರೊಂದು ಚಿತ್ರಕಥೆಯನ್ನು ಅಲ್ಲಿಟ್ಟೆ. ಐವತ್ತಾರನೇ ವಯಸ್ಸಿನಲ್ಲಿ ಇಂಥ ಕಳ್ಳಬುದ್ಧಿ ತೋರಿದ್ದಕ್ಕೆ ನನಗೆ ತಾವು ಎಷ್ಟು ಅಂಕ ಕೊಡುತ್ತೀರೋ ತಿಳಿಯದು.

ಈಗ ತಮ್ಮ ಪ್ರಮಾಣಪತ್ರಕ್ಕೆ ಬರುತ್ತೇನೆ. ದಪ್ಪ ಕಾಗದ, ಮಿನುಗುವ ಮುದ್ರೆ, ಕೆಳಗೆ ಯಾರಿಗೂ ಓದಲಾಗದ ಸಹಿ. ಅದನ್ನು ನೋಡಿದಾಗ ನಮ್ಮ ಮನೆಯಲ್ಲಿ ಮದುವೆ ಪತ್ರಿಕೆಯೂ ಇಷ್ಟು ಚೆನ್ನಾಗಿ ಅಚ್ಚಾಗಿರಲಿಲ್ಲ ಎಂದು ನಾಚಿಕೆಯಾಯಿತು. ಅದರಲ್ಲಿ ಮೊದಲ ದೋಷವಾಗಿ 'ಮುಖಪುಟದ ಮೇಲ್ಭಾಗದಲ್ಲಿ ಕೆಂಪು ಮತ್ತು ಹಳದಿ ಬಣ್ಣದ ಅಸಂಖ್ಯ ಸಾವಯವ ಕಲೆಗಳು' ಎಂದು ಬರೆದಿದ್ದೀರಿ. ಮಾನ್ಯರೇ, ಅಸಂಖ್ಯವಲ್ಲ. ನಲವತ್ತೊಂಬತ್ತು. ಭೂತಗನ್ನಡಿ ಇರುವವರು ಎಣಿಸದೆ ಬಿಟ್ಟದ್ದು ಆಶ್ಚರ್ಯ.

ಆ ಕಲೆಗಳ ಕಥೆ ತಮ್ಮ ಕಡತದಲ್ಲಿ ಇರಲೆಂದು ಹೇಳುತ್ತೇನೆ. ನಾನು ಒಂದನೇ ಕ್ಲಾಸಿಗೆ ಸೇರಿದ ವರ್ಷ ಅಪ್ಪ ಹಾಸಿಗೆ ಹಿಡಿದು, ಅಕ್ಕನನ್ನು ಆರನೇ ಕ್ಲಾಸಿಗೆ ಬಿಡಿಸಿ ಅಮ್ಮನ ಜೊತೆ ಮೀನು ಬುಟ್ಟಿ ಹೊರಲು ಹಾಕಿದರು. ಆಗೆಲ್ಲ ಮೀನು ಕಟ್ಟಿಕೊಡಲು ಹಳೇ ಪೇಪರನ್ನು ಕಿಲೋ ಲೆಕ್ಕದಲ್ಲಿ ತರುತ್ತಿದ್ದರು. ಆ ರಾಶಿಯ ನಡುವೆ ಅಕ್ಕನಿಗೆ ಈ ಪುಸ್ತಕ ಸಿಕ್ಕಿತು. ಅದನ್ನು ಲಂಗದ ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ತಂದಳು. ಅದೇ ವರ್ಷ ನವರಾತ್ರಿಯಲ್ಲಿ, ನಮ್ಮೂರ ಪದ್ಧತಿಯಂತೆ ಮಕ್ಕಳೆಲ್ಲ ತಮ್ಮ ಪುಸ್ತಕಗಳನ್ನು ಶಾರದೆಯ ಮುಂದೆ ಪೂಜೆಗೆ ಇಡುವ ದಿನ ನಾನು ನನ್ನ ಒಂದನೇ ಕ್ಲಾಸಿನ ಪಾಠಪುಸ್ತಕ ಇಟ್ಟೆ. ಅಕ್ಕನ ಪಾಠಪುಸ್ತಕಗಳು ಅಷ್ಟರಲ್ಲಾಗಲೇ ಪಕ್ಕದ ಮನೆಯ ಹರಿಣಾಕ್ಷಿಯ ಪಾಲಾಗಿದ್ದವು. ಇಡಲು ಅವಳ ಹತ್ತಿರ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತಳು, ಒಳಗೆ ಹೋದಳು, 'ಏಳು ಬೀಗದ ಹಡಗು' ತಂದು ನನ್ನ ಪುಸ್ತಕದ ಪಕ್ಕ ಇಟ್ಟಳು. ಅಮ್ಮ ಎರಡಕ್ಕೂ ಗಂಧ ಹಚ್ಚಿ, ಎರಡಕ್ಕೂ ಕುಂಕುಮ ಇಟ್ಟಳು.

ಅಲ್ಲಿಂದ ಪ್ರತಿ ವರ್ಷ ಒಂದು ಗಂಧ, ಒಂದು ಕುಂಕುಮ. ಲೆಕ್ಕಕ್ಕೆ ಐವತ್ತು ಆಗಬೇಕಿತ್ತು. ಮೀನಿಗೆ ಹೋದ ಭಾವನ ದೋಣಿ ಹಿಂದಿರುಗದ ವರ್ಷ ಮನೆಯಲ್ಲಿ ಹಬ್ಬ ಇರಲಿಲ್ಲ, ಹಾಗಾಗಿ ನಲವತ್ತೊಂಬತ್ತು. ಈ ಸಲದ್ದು ಐವತ್ತನೆಯದು. ಪೂಜೆಗೆ ಇಟ್ಟ ಪುಸ್ತಕವನ್ನು ಅಲ್ಲಿಂದ ಎತ್ತುವವರೆಗೆ ಯಾರೂ ಓದಬಾರದು, ವಿಜಯದಶಮಿ ಬೆಳಿಗ್ಗೆ ಎತ್ತಿದ ಮೇಲೆ ನಾಲ್ಕು ಸಾಲಾದರೂ ಓದಲೇಬೇಕು, ಇದು ನಮ್ಮ ಮನೆಯ ಕಟ್ಟುಪಾಡು. ಶಾಲೆ ಬಿಟ್ಟ ಅಕ್ಕ ಮಾತ್ರ ನಾಲ್ಕು ಸಾಲಿಗೆ ನಿಲ್ಲಿಸಿದವಳಲ್ಲ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಿಟ್ಟು ಗಟ್ಟಿಯಾಗಿ ಓದುವವಳು. ನಾನು ಕನ್ನಡ ಓದಲು ಕಲಿತದ್ದು ಮಾಸ್ತರರಿಂದ ಎಂದು ಶಾಲೆಯವರು ತಿಳಿದಿದ್ದರು, ಆ ಬೆರಳಿನ ಹಿಂದೆ ಕಣ್ಣು ಓಡಿಸಿ ಕಲಿತವನು ನಾನು. ತಾವು ಇದನ್ನೆಲ್ಲ 'ಸಾವಯವ ಕಲೆ' ಎಂದಿದ್ದೀರಿ, ಶಾರದಾದೇವಿ ಇದನ್ನು ಓದುವುದಿಲ್ಲವೆಂದು ನಂಬೋಣ.

ಎರಡನೇ ದೋಷ, 'ಗುರುತಿಸಲಾಗದ ವಾಸನೆ'. ಗುರುತಿಸಲಾಗದು ಎಂದು ಬರೆದ ತಮ್ಮ ಪರೀಕ್ಷಕರನ್ನು ಒಂದು ಸಲ ನಮ್ಮ ಮಾರ್ಕೆಟ್ಟಿಗೆ ಕಳುಹಿಸಿಕೊಡಿ, ಮಣೆಯ ಬಳಿ ಬರುವ ಮೊದಲೇ ಗುರುತಿಸುತ್ತಾರೆ. ಬಂಗುಡೆ.

ಮೂರನೆಯದನ್ನು ತಾವು ಕೆಂಪು ಅಕ್ಷರದಲ್ಲಿ ಬರೆದಿದ್ದೀರಿ. 'ಹದಿನೇಳು ಮತ್ತು ಹದಿನೆಂಟನೇ ಪುಟಗಳ ಹಾಳೆ ಇಲ್ಲ, ಪ್ರತಿ ಅಪೂರ್ಣ.' ಇದು ನೂರಕ್ಕೆ ನೂರು ನಿಜ, ತಮ್ಮ ಕಣ್ಣಿನ ಸೂಕ್ಷ್ಮತೆಗೆ ಶರಣು. ಆ ಹಾಳೆ ಹೋದದ್ದು ಅಕ್ಕ ಮಾರ್ಕೆಟ್ಟಿಗೆ ಹೋಗಲು ಶುರು ಮಾಡಿದ ಎರಡನೇ ಮಳೆಗಾಲದಲ್ಲಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದಲೆಂದು ಅವಳು ಪುಸ್ತಕವನ್ನು ಬುಟ್ಟಿಯ ಪಕ್ಕ ಇಟ್ಟುಕೊಂಡಿರುತ್ತಿದ್ದಳು. ಪೇಪರು ಮುಗಿದಿತ್ತು, ಮಳೆ ಹೊಡೆಯುತ್ತಿತ್ತು, ಬೈಂದೂರಿನ ಬಸ್ಸು ಹೊರಡಲು ಹಾರ್ನ್ ಹಾಕುತ್ತಿತ್ತು, ಗಿರಾಕಿ ಮೀನು ಕೈಯಲ್ಲಿ ಹಿಡಿದು ಚಡಪಡಿಸುತ್ತಿದ್ದ. ಅಮ್ಮನ ಕೈಗೆ ಸಿಕ್ಕಿದ್ದು ಈ ಪುಸ್ತಕ. ನಡುವಿನಿಂದ ಒಂದು ಹಾಳೆ ಕಿತ್ತು ಕಟ್ಟಿಕೊಟ್ಟೇಬಿಟ್ಟಳು. ಅಕ್ಕ ಬಸ್ಸಿನ ಹಿಂದೆ ಆಸ್ಪತ್ರೆ ತಿರುವಿನವರೆಗೆ ಓಡಿದಳಂತೆ. ಮುಂದೆ ನಾನು ಅದೇ ದಾರಿಯ ಬಸ್ಸಿಗೆ ಕಂಡಕ್ಟರಾದ ಮೇಲೆ ಓಡಿ ಬರುವವರನ್ನು ಕಂಡರೆ ಸೀಟಿ ಊದಿ ನಿಲ್ಲಿಸದೆ ಹೋದದ್ದಿಲ್ಲ. ಅದಕ್ಕಾಗಿ ಮಾಲೀಕರಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಆ ಹಾಳೆಯಲ್ಲಿ ಏನಿತ್ತು ಎಂಬುದೇ ನಮ್ಮ ಮನೆಯ ದೊಡ್ಡ ಪ್ರಶ್ನೆ. ಹದಿನಾರನೇ ಪುಟದ ಕೊನೆಗೆ ಧೀರಸೇನ ಆರು ಬೀಗ ಒಡೆದು ಏಳನೆಯದರ ಮುಂದೆ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾನೆ. ಹತ್ತೊಂಬತ್ತನೇ ಪುಟದ ಮೊದಲ ಚಿತ್ರದಲ್ಲಿ ಮುಕ್ತಾಮಣಿ ದಡದಲ್ಲಿ ಕುಳಿತು ಎಳನೀರಿನ ಬೊಂಡ ಕುಡಿಯುತ್ತಿದ್ದಾಳೆ. ಏಳನೇ ಬೀಗ ಹೇಗೆ ತೆರೆಯಿತು? ಅಕ್ಕ ಪ್ರತಿ ವಿಜಯದಶಮಿಗೂ ಅಲ್ಲಿಗೆ ಬಂದಾಗ ಪುಸ್ತಕದಿಂದ ತಲೆ ಎತ್ತಿ, ಆ ವರ್ಷದ ಉತ್ತರವನ್ನು ತಾನೇ ಹೇಳುತ್ತಾಳೆ. ಒಂದು ವರ್ಷ ಏಡಿಯೊಂದು ತನ್ನ ಇಕ್ಕಳದಂಥ ಕೊಂಬು ಹಾಕಿ ತಿರುಗಿಸಿತು. ಒಂದು ವರ್ಷ ಉಪ್ಪುನೀರಿಗೆ ತುಕ್ಕು ಹಿಡಿದು ತಾನಾಗಿ ಬಿತ್ತು, "ನಾವ್ ಹೊಡ್ದಾಡುದೇ ಸುಮ್ನೆ, ಉಪ್ಪಿಗೆ ಪುರ್ಸೊತ್ತ್ ಇತ್ತ್" ಎಂದಳು. ನಾನು ಎಸ್ಸೆಸ್ಸೆಲ್ಸಿ ಮೊದಲ ಸಲ ಡುಮ್ಕಿ ಹೊಡೆದ ವರ್ಷ ಬೀಗ ತೆರೆಯಲೇ ಇಲ್ಲ, ರಾಜಕುಮಾರಿ ಕಿಟಕಿಯಿಂದ ಹಾರಿ ಈಜಿಕೊಂಡು ಬಂದಳು. ಬಾಗಿಲಿನಿಂದಲೇ ಹೊರಗೆ ಬರಬೇಕೆಂದು ಎಲ್ಲಿ ಬರೆದಿದೆ ಎಂದು ಅಕ್ಕ ನನ್ನ ಮುಖ ನೋಡಿ ಕೇಳಿದಳು. ನಾನು ಮತ್ತೆ ಪರೀಕ್ಷೆಗೆ ಕಟ್ಟಿದೆ. ಮಾನ್ಯರೇ, ಆ ಪುಸ್ತಕದ ಮೂವತ್ತು ಪುಟಗಳನ್ನು ಬೇರೆ ಯಾರ ಪ್ರತಿಯಲ್ಲಾದರೂ ಓದಬಹುದು. ಇಲ್ಲದ ಎರಡು ಪುಟ ಮಾತ್ರ ನಮ್ಮ ಪ್ರತಿಯಲ್ಲೇ ಇರುವುದು, ಅದಕ್ಕೆ ತಾವು ಅಂಕ ಕಳೆದಿದ್ದೀರಿ.

ಇನ್ನೊಂದು ವಿಷಯ ನೆನಪಾಯಿತು. ತಮ್ಮ ಪತ್ರದಲ್ಲಿ 'ಈ ಸಂಚಿಕೆಯ ಐದಾರು ಪ್ರತಿಗಳು ಮಾತ್ರ ಉಳಿದಿರಬಹುದು, ಇದರ ಬೆಲೆಗೆ ಅದೇ ಕಾರಣ' ಎಂದಿದ್ದೀರಿ. ಉಳಿದ ಸಾವಿರಾರು ಪ್ರತಿಗಳು ಎಲ್ಲಿ ಹೋದವು ಎಂದು ತಾವು ಯೋಚಿಸಿಲ್ಲವೇ? ಬಂಗುಡೆ, ಬೂತಾಯಿ ಮೀನು, ನೆಲಗಡಲೆ, ಬಜ್ಜಿ ಕಟ್ಟಿಕೊಂಡು ಹೋದವು. ಗಂಗೊಳ್ಳಿಯಿಂದ ಬ್ರಹ್ಮಾವರದವರೆಗಿನ ಮೀನು ಮಾರುವ ಹೆಂಗಸರು ಒಂದೊಂದು ಹಾಳೆಯನ್ನೂ ಶ್ರದ್ಧೆಯಿಂದ ಹರಿದು ಕಟ್ಟದೆ ಹೋಗಿದ್ದರೆ ಈ ಪುಸ್ತಕ ಮನೆಮನೆಯಲ್ಲಿ ಬಿದ್ದಿರುತ್ತಿತ್ತು, ಅಪರೂಪ ಎಂಬ ಮಾತೇ ಹುಟ್ಟುತ್ತಿರಲಿಲ್ಲ, ತಮ್ಮ ಸಂಸ್ಥೆಯೂ ಹುಟ್ಟುತ್ತಿರಲಿಲ್ಲ. ತಮ್ಮ ಕಚೇರಿಯ ಗೋಡೆಯ ಮೇಲೆ ಸಂಸ್ಥಾಪಕರ ಭಾವಚಿತ್ರಗಳಿದ್ದರೆ, ಅವುಗಳ ಸಾಲಿನಲ್ಲಿ ಬುಟ್ಟಿ ಹೊತ್ತ ಒಬ್ಬ ಹೆಂಗಸಿನ ಚಿತ್ರ ಇಲ್ಲದಿರುವುದು ದೊಡ್ಡ ಕೃತಘ್ನತೆ ಎಂದು ನನ್ನ ವಿನಮ್ರ ಅಭಿಪ್ರಾಯ.

ಈಗ ಡಬ್ಬಿಯ ವಿಷಯ. ಅಂಕ ಕಡಿಮೆ ಬಂದರೂ ಪುಣೆಯ ಒಬ್ಬರು ಕೊಳ್ಳಲು ಕಾದಿದ್ದಾರೆ ಎಂಬ ಸಿಹಿಸುದ್ದಿಯ ಜೊತೆ ತಾವು ಪುಸ್ತಕವನ್ನು ಗಟ್ಟಿ ಪ್ಲಾಸ್ಟಿಕ್ಕಿನ ಪಾರದರ್ಶಕ ಡಬ್ಬಿಯಲ್ಲಿ ನಾಲ್ಕೂ ಬದಿ ಬೆಸೆದು ಕಳುಹಿಸಿದಿರಿ. ಮುಖಪುಟ ಕಾಣುತ್ತದೆ, ಹಿಂಬದಿ ಪುಟ ಕಾಣುತ್ತದೆ, ನಡುವಿನ ಕಥೆ ಯಾರಿಗೂ ಸಿಗುವುದಿಲ್ಲ. ಡಬ್ಬಿ ತೆರೆದರೆ ಪ್ರಮಾಣಪತ್ರ ರದ್ದು, ಬೆಲೆಯೂ ರದ್ದು ಎಂದು ಅದರ ಮೇಲೆಯೇ ಅಂಟಿಸಿದ್ದೀರಿ. ನಮ್ಮ ಬಸ್ಸಿನಲ್ಲಿ ಪ್ರಯಾಣಿಕರನ್ನು ಕೂರಿಸಿ ಬಾಗಿಲು ಬೆಸೆದು, ಇಳಿದರೆ ಟಿಕೆಟ್ ರದ್ದು ಎಂದಿದ್ದರೆ ಬಸ್ಸು ಎಷ್ಟು ಚೊಕ್ಕಟವಾಗಿರುತ್ತಿತ್ತು ಎಂದು ನನಗೆ ಇಷ್ಟು ವರ್ಷ ಹೊಳೆಯದೇ ಹೋಯಿತಲ್ಲ.

ಕೊರಿಯರ್ ಬಂದದ್ದು ಪೂಜೆಗೆ ಪುಸ್ತಕ ಇಡುವ ದಿನವೇ. ಅಷ್ಟರಲ್ಲಿ ಅಕ್ಕ ಪೆಟ್ಟಿಗೆ ತೆರೆದು, ನಾನಿಟ್ಟಿದ್ದ ಬದಲಿ ಪುಸ್ತಕವನ್ನು ಕೈಯಲ್ಲಿ ಹಿಡಿದು ಬೇಲಿಯಾಚೆಯ ತನ್ನ ಮನೆಯಿಂದ ನಮ್ಮ ಅಂಗಳಕ್ಕೆ ಬಂದು ನಿಂತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಡಬ್ಬಿಯನ್ನು ತೆಗೆದುಕೊಂಡು, ಒಂದು ಮಗ್ಗುಲು ನೋಡಿ, ಇನ್ನೊಂದು ಮಗ್ಗುಲು ನೋಡಿ, ಉಗುರಿನಿಂದ ಅಂಚು ಕೆರೆದು, "ಎಂತಾ ಗೋವರ್ಧನ, ಪುಸ್ತಕ ಜೈಲಿಗ್ ಹಾಕ್ಸ್ಕಂಡ್ ಬಂದ್ಯಾ?" ಎಂದು ಕೇಳಿದಳು. ನಾನು ಕಟ್ಟೆಯ ವಿಷಯ, ನಲ್ಲಿಯ ವಿಷಯ, ಪುಣೆಯವರ ವಿಷಯ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ಮಾರುದಾರೆ ಮಾರ್, ನಾ ಬ್ಯಾಡ ಅಂಬುದಿಲ್ಲ. ಆರೆ ದಶಮಿ ದಿನ ಓದುಕೆ ನಂಗೆ ಬೇರೆ ಎಂತ ತಂದ್ ಕೊಡ್ತೆ ನೀನ್?" ಎಂದಳು.

ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಬಹಳ ಇಂಪಾದ ದನಿಯವರು ಸಿಕ್ಕಿದರು. ವರ್ಷಕ್ಕೊಮ್ಮೆ ಒಂದು ಗಂಟೆಯ ಮಟ್ಟಿಗೆ ತೆರೆದು ಓದಿ ಮತ್ತೆ ಮುಚ್ಚುವ ಅವಕಾಶ ಇದೆಯೇ ಎಂದು ಕೇಳಿದೆ, ಇಲ್ಲವೆಂದರು. ಕೊಳ್ಳುವವರು ಓದುತ್ತಾರೆಯೇ ಎಂದು ಕೇಳಿದೆ. ಅವರಿಗೆ ಕನ್ನಡ ಬರುವುದಿಲ್ಲ, ಬಂದಿದ್ದರೂ ತೆರೆಯುತ್ತಿರಲಿಲ್ಲ, ಗಾಜಿನ ಕಪಾಟಿನಲ್ಲಿ ಇಡುತ್ತಾರೆ ಎಂದು ಹೆಮ್ಮೆಯಿಂದ ಹೇಳಿದರು. ಹಾಗಾದರೆ ದರ್ಜೆ ಕೊಟ್ಟವರಾದರೂ ಓದಿದ್ದಾರೆಯೇ ಎಂದು ಕೇಳಿದಾಗ, ಓದುವುದರಿಂದ ಪುಟದ ಮಡಿಕೆ ಸಡಿಲವಾಗುತ್ತದೆ, ಸಂಸ್ಥೆಯಲ್ಲಿ ಅದಕ್ಕೆ ಅನುಮತಿ ಇಲ್ಲವೆಂದರು. ನಾನು ಕೃತಜ್ಞತೆ ಹೇಳಿ ಫೋನು ಇಟ್ಟೆ. ಊಟಕ್ಕೆ ಕೂತವರು ಅನ್ನವನ್ನು ಮುಟ್ಟದೆ ರುಚಿಗೆ ಅಂಕ ಕೊಡುವ ಕಾಲಕ್ಕೆ ನಾವು ತಲುಪಿದ್ದೇವೆಂದು ನನಗೆ ಯಾರೂ ಹೇಳಿರಲಿಲ್ಲ.

ಆ ಸಂಜೆ ಡಬ್ಬಿಯನ್ನೇ ಪೂಜೆಗೆ ಇಟ್ಟೆವು. ಒಂದು ಬದಿಗೆ ನನ್ನ ಮಗಳು ಮೋಕ್ಷಿತಾಳ ಲ್ಯಾಪ್‌ಟಾಪು, ಇನ್ನೊಂದು ಬದಿಗೆ ನನ್ನ ಹಳೆಯ ಟಿಕೆಟ್ ಪುಸ್ತಕ, ನಡುವೆ ತಮ್ಮ ಸಂಸ್ಥೆಯ ಮಿನುಗುವ ಮುದ್ರೆ. ಅಮ್ಮ ಹೋದ ಮೇಲೆ ಗಂಧ ಹಚ್ಚುವುದು ಅಕ್ಕನೇ. ಲ್ಯಾಪ್‌ಟಾಪಿನ ಮೇಲೆ ಕುಂಕುಮ ನಿಂತಿತು, ಟಿಕೆಟ್ ಪುಸ್ತಕದ ಮೇಲೆ ನಿಂತಿತು. ಡಬ್ಬಿಯ ಮೇಲೆ ಇಟ್ಟ ಐವತ್ತನೆಯ ಕುಂಕುಮ ಗಂಧದ ಸಮೇತ ಮೆಲ್ಲಗೆ ಜಾರಿ ಕೆಳಗೆ ಬಿತ್ತು. ಕಲೆ ನಿಲ್ಲದ ತಮ್ಮ ಪ್ಲಾಸ್ಟಿಕ್ಕಿನ ಗುಣಮಟ್ಟಕ್ಕೆ ಅಭಿನಂದನೆಗಳು. ಅಕ್ಕ ಇನ್ನೊಮ್ಮೆ ಇಟ್ಟಳು, ಇನ್ನೊಮ್ಮೆಯೂ ಜಾರಿತು, ಮೂರನೇ ಸಲ ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ವಿಜಯದಶಮಿ ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮದನ್ನು ಎತ್ತಿಕೊಂಡೆವು. ಮೋಕ್ಷಿತಾ ಲ್ಯಾಪ್‌ಟಾಪು ತೆರೆದು ನಾಲ್ಕು ಸಾಲು ಓದಿದಳು. ನಾನು ಕುಂದಾಪುರದಿಂದ ಬೈಂದೂರಿನವರೆಗಿನ ನಿಲ್ದಾಣಗಳ ಹೆಸರು ಓದಿದೆ. ಅಕ್ಕ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಪ್ಲಾಸ್ಟಿಕ್ಕಿನ ಮೇಲೆ ಬೆರಳಿಟ್ಟು ಮುಖಪುಟದ ಹೆಸರನ್ನು ಓದಿದಳು. ಹಿಂಬದಿ ಪುಟಕ್ಕೆ ತಿರುಗಿಸಿ ಅಲ್ಲಿದ್ದ ಹಲ್ಲುಪುಡಿಯ ಜಾಹೀರಾತು ಓದಿದಳು. ಮತ್ತೆ ಮುಖಪುಟಕ್ಕೆ ತಿರುಗಿಸಿದಳು. ಅವಳಿಗೆ ಓದಲು ಬೇರೇನೂ ಉಳಿದಿರಲಿಲ್ಲ. ಶಾಲೆ ಬಿಡಿಸಿದ ವರ್ಷ ಇಡಲು ಪುಸ್ತಕವಿಲ್ಲದೆ ಅವಳು ನಿಂತಿದ್ದ ರೀತಿ ನನಗೆ ಕಣ್ಣ ಮುಂದೆ ಬಂತು. ಆಗ ಅವಳ ಪುಸ್ತಕ ಕಿತ್ತುಕೊಂಡದ್ದು ಬಡತನ, ಈಗ ಕಿತ್ತುಕೊಂಡದ್ದು ನಾನು. ನನಗೆ ಅಳು ಬಂತು, ಹೇಳಲು ನಾಚಿಕೆ ಏನೂ ಇಲ್ಲ.

ಅವಳ ಅಡಿಗೆಮನೆಗೆ ಓಡಿ ಚಿಪ್ಪುಮೀನು ಬಿಡಿಸುವ ಸಣ್ಣ ಕತ್ತಿ ತಂದೆ. ಡಬ್ಬಿಯ ಅಂಚಿಗೆ ಹಾಕಿದೆ. ಕತ್ತಿ ಜಾರಿತು. "ಕೊಡ್ ಇಲ್ಲಿ, ಕೈ ಕೊಯ್ಕಂತೆ" ಎಂದು ಅಕ್ಕ ಕಸಿದುಕೊಂಡಳು. ಹೊಳೆಯ ಚಿಪ್ಪನ್ನು ಬಿಡಿಸುವ ಹಾಗೆಯೇ ಮೂಲೆ ಹುಡುಕಿ, ತುದಿ ತೂರಿಸಿ, ಮಣಿಕಟ್ಟು ಒಮ್ಮೆ ತಿರುಗಿಸಿದಳು. ಟಪ್ಪೆಂದಿತು. ತಮ್ಮ ಪ್ರಮಾಣಪತ್ರ, ಪುಣೆಯವರ ಗಾಜಿನ ಕಪಾಟು, ನನ್ನ ನಲ್ಲಿ ಮತ್ತು ಕಟ್ಟೆ, ಎಲ್ಲವೂ ಆ ಒಂದು ಸದ್ದಿನಲ್ಲಿ ರದ್ದಾದವು. ಬಂಗುಡೆ ವಾಸನೆ ಮನೆ ತುಂಬಿತು. ಅಕ್ಕ ಮೊದಲು ಐವತ್ತನೆಯ ಕುಂಕುಮ ಇಟ್ಟಳು, ಅದು ನಿಂತಿತು. ಆಮೇಲೆ ಬೆರಳಿಟ್ಟು ಓದತೊಡಗಿದಳು.

ಹದಿನಾರನೇ ಪುಟ ಮುಗಿಯಿತು. ಅಕ್ಕ ತಲೆ ಎತ್ತಿದಳು. ಈ ವರ್ಷದ ಉತ್ತರವನ್ನು ಅವಳದೇ ಮಾತಿನಲ್ಲಿ ತಮ್ಮ ಅವಗಾಹನೆಗೆ ತರುತ್ತಿದ್ದೇನೆ: "ಧೀರಸೇನ ಬೀಗ ಹೊಡ್ದ್ ಹೊಡ್ದ್ ಸುಸ್ತಾಯಿ ಕೂತಿದ್ದ. ಅಷ್ಟೊತ್ತಿಗೆ ದೋಣಿಯಗೆ ಒಬ್ಳ್ ಮೀನ್ ಮಾರು ಹೆಂಗ್ಸ್ ಬಂದ್ಳ್. ಎಂತಾ ಮಾರಾಯ, ಇಷ್ಟ್ ದೊಡ್ಡ್ ಗಂಡ್ಸ್, ಇಷ್ಟ್ ಸಣ್ಣ್ ಬೀಗ ಅಂದ್ಳ್. ಸೊಂಟದಾಗಿನ ಕತ್ತಿ ತೆಗ್ದ್ ಒಂದ್ ತಿರ್ಪ್ ಕೊಟ್ಳ್. ಆಯ್ತ್." ಇಷ್ಟು ಹೇಳಿ ಹತ್ತೊಂಬತ್ತನೇ ಪುಟಕ್ಕೆ ಹೋದಳು. ಮುಕ್ತಾಮಣಿ ಎಂದಿನಂತೆ ಬೊಂಡ ಕುಡಿಯುತ್ತಿದ್ದಳು.

ಆದ್ದರಿಂದ ಮಾನ್ಯರಲ್ಲಿ ನನ್ನ ಪ್ರಾರ್ಥನೆಗಳು ಕೆಲವೇ ಇವೆ. ತಮ್ಮ ಹತ್ತು ಅಂಕದ ತಕ್ಕಡಿಯಲ್ಲಿ ಓದಿದ ಪುಸ್ತಕಕ್ಕೂ ಓದದ ಪುಸ್ತಕಕ್ಕೂ ವ್ಯತ್ಯಾಸ ತಿಳಿಯುವ ಒಂದು ಮುಳ್ಳನ್ನು ಕೂರಿಸಬೇಕು. ಅದಾಗದಿದ್ದರೆ ಪ್ರತಿ ವಿಜಯದಶಮಿಗೆ ಒಬ್ಬ ಪರೀಕ್ಷಕರನ್ನು ಕೈಗವಸು ಸಮೇತ ಗುಲ್ವಾಡಿಗೆ ಕಳುಹಿಸಿ, ನಮ್ಮ ಜಗಲಿಯಲ್ಲಿ ಕುಳಿತು ಅಕ್ಕನ ಹದಿನೇಳನೇ ಪುಟವನ್ನು ಕೇಳಿ ಆ ವರ್ಷದ ಅಂಕ ಬರೆದುಕೊಂಡು ಹೋಗುವ ವ್ಯವಸ್ಥೆ ಮಾಡಬೇಕು. ಊಟದ ಖರ್ಚು ನಮ್ಮದು, ಮೀನು ಮುಟ್ಟುವಾಗ ಮಾತ್ರ ಕೈಗವಸು ತೆಗೆಯಬೇಕು. ಶಾರದಾದೇವಿಗೆ ಗಂಧ, ಕುಂಕುಮಗಳೆಂಬ ಹಾನಿಕಾರಕ ವಸ್ತು ಬಳಸಿದ್ದಕ್ಕಾಗಿ ನೋಟಿಸು ಕಳುಹಿಸುವ ಇರಾದೆ ಇದ್ದರೆ ವಿಳಾಸಕ್ಕೆ ನಮ್ಮ ಮನೆಯದೇ ಸಾಕು. ಪುಣೆಯ ಮಹನೀಯರಿಗೆ ನಮ್ಮ ವಿಷಾದ ತಿಳಿಸಿ, ಕಪಾಟು ಖಾಲಿ ಉಳಿಯದಂತೆ ನಾನು ಪೆಟ್ಟಿಗೆಯಲ್ಲಿ ಇಟ್ಟಿದ್ದ ಬದಲಿ ಪುಸ್ತಕವನ್ನು ಕೊಡಲು ಸಿದ್ಧನಿದ್ದೇನೆಂದು ಹೇಳಬೇಕು. ಅದನ್ನು ನಮ್ಮಲ್ಲಿ ಯಾರೂ ಓದಿಲ್ಲ, ಓದುವ ಹಾಗೂ ಇಲ್ಲ, ತಮ್ಮ ಲೆಕ್ಕದಲ್ಲಿ ಅದಕ್ಕೆ ಒಂಬತ್ತಾದರೂ ಬಂದೀತು.

ಕಟ್ಟೆಯ ವಿಷಯದಲ್ಲಿ ತಾವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಉಮಾನಾಥ ತನ್ನ ಬಂಗಾರ ಕರಗಿದ ದುಃಖಕ್ಕೆ ಎರಡು ದಿನ ಅಂಗಡಿ ತೆರೆಯಲಿಲ್ಲ, ಮೂರನೇ ದಿನ ಗುಜರಿಯಿಂದ ಹಳೇ ಬಸ್ಸಿನ ಸೀಟಿನ ನಾಲ್ಕು ಕಾಲು ಹೊತ್ತು ತಂದ. ನಾನು ಹಲಗೆ ಹೊಡೆದೆ. ಅಕ್ಕ ಈಗ ನಿಂತು ಮೀನು ಮಾರುತ್ತಾಳೆ. ಹಲಗೆ ಸ್ವಲ್ಪ ಓರೆ ಇದೆ. ಅದಕ್ಕೆ ಅಂಕ ಕೇಳಿ ತಮಗೆ ತೊಂದರೆ ಕೊಡುವುದಿಲ್ಲ.

ಡಬ್ಬಿಯ ಎರಡು ಹೋಳುಗಳಲ್ಲಿ ಒಂದನ್ನು ಈ ಪತ್ರದ ಜೊತೆ ಹಿಂದಿರುಗಿಸುತ್ತಿದ್ದೇನೆ. ಇನ್ನೊಂದರಲ್ಲಿ ಅಕ್ಕ ಒಣಸಿಗಡಿ ಇಟ್ಟಿದ್ದಾಳೆ, ಅದನ್ನು ಕೇಳುವ ಧೈರ್ಯ ನನಗಿಲ್ಲ.

ಇತಿ, ಒಂದೂವರೆ ಅಂಕದ ಋಣದಲ್ಲಿ ಸದಾ ಬಾಗಿರುವ

ತಮ್ಮ ವಿಶ್ವಾಸಿ,
ಗೋವರ್ಧನ
(ಮಾಲೀಕರಲ್ಲ, ಮಾಲೀಕರ ತಮ್ಮ)

ತಾ.ಕ.: ಪ್ರತಿ ಪೂರ್ಣವಾಗಲೆಂದು ಬೇರೊಂದು ಪುಸ್ತಕದಿಂದ ತೆಗೆದ ಹದಿನೇಳು ಮತ್ತು ಹದಿನೆಂಟನೇ ಪುಟಗಳ ನಕಲನ್ನು ತಾವು ಉಚಿತವಾಗಿ ಕಳುಹಿಸಿದ ಔದಾರ್ಯವನ್ನು ಮರೆತರೆ ನಾನು ಮನುಷ್ಯನೇ ಅಲ್ಲ. ದಶಮಿ ಕಳೆದ ಮೇಲೆ ಅಂಚೆಯಲ್ಲಿ ಬಂದ ಆ ದಪ್ಪ ಕಾಗದದ ಹಾಳೆಯನ್ನು ಅಕ್ಕನಿಗೆ ಕೊಟ್ಟೆ. ಐವತ್ತು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿತು: ಏಳೂ ಬೀಗಗಳಿಗೆ ಆಗುವ ಕೀಲಿಕೈ ಮೊದಲಿನಿಂದಲೂ ಧೀರಸೇನನ ಕಿಸೆಯಲ್ಲೇ ಇತ್ತಂತೆ. ಅಕ್ಕ ಎರಡು ಸಲ ಓದಿದಳು. "ಕಿಸಿ ಒಳ್ಗ್ ಕೀಲಿಕೈ ಇಟ್ಕಂಡ್ ಆರ್ ಬೀಗ ಒಡ್ದದ್ ಎಂತಕೆ, ಅವ್ನಿಗೆ ಮರ್ಲಾ?" ಎಂದಳು. ಮಾರನೇ ದಿನ ಮಾರ್ಕೆಟ್ಟಿನಲ್ಲಿ ಪೇಪರು ಮುಗಿದಾಗ ಅದರಲ್ಲಿ ಐದು ಬಂಗುಡೆ ಕಟ್ಟಿ ಬೈಂದೂರಿನ ಬಸ್ಸಿಗೆ ಹೊರಟಿದ್ದ ಗಿರಾಕಿಗೆ ಕೊಟ್ಟಳು. ಈ ಸಲ ಬಸ್ಸಿನ ಹಿಂದೆ ಓಡಲಿಲ್ಲ. ತಮ್ಮಲ್ಲಿ ಇಂಥ ನಕಲುಗಳು ಇನ್ನೂ ಇದ್ದರೆ ದಯವಿಟ್ಟು ಕಳುಹಿಸಿಕೊಡಿ, ಕಾಗದ ಒಳ್ಳೆಯದಿದೆ, ಈಗ ಬಂಗುಡೆಯ ಕಾಲ.